ಎಬಿಎಸ್ ಲೈಟ್ ಹತ್ತಿದೆಯಾ? ಮಾಡ್ಯೂಲ್ ಬದಲಿಸುವ ಮೊದಲು ಶಿವಮೊಗ್ಗದ ಈ ಗ್ಯಾರೇಜಿಗೆ ಒಮ್ಮೆ ಹೋಗಿ

ಆಗುಂಬೆ ಘಾಟಿ ಇಳಿಯುವಾಗ ಎರಡೋ ಮೂರೋ ತಿರುವು ದಾಟಿದ್ದೆವು, ಎಬಿಎಸ್ (ಜೋರಾಗಿ ಬ್ರೇಕ್ ತುಳಿದಾಗ ಚಕ್ರ ಲಾಕ್ ಆಗದಂತೆ ನೋಡಿಕೊಳ್ಳುವ ವ್ಯವಸ್ಥೆ) ಲೈಟ್ ಹತ್ತಿತು. ಅದರ ಜೊತೆಗೇ ಜಾರುವ ಕಾರಿನ ಚಿತ್ರದ ಇಎಸ್‌ಸಿ (ತಿರುವಿನಲ್ಲಿ ಕಾರು ಜಾರದಂತೆ ತಡೆಯುವ ವ್ಯವಸ್ಥೆ) ಲೈಟೂ ಹತ್ತಿತು. ಮಳೆ ಬೇರೆ, ಕಾರಿನಲ್ಲಿ ಅಮ್ಮ, ಮಕ್ಕಳು. ಇರೋದು 14 ತಿರುವು. ಉಳಿದಷ್ಟನ್ನೂ ಸೆಕೆಂಡ್ ಗೇರಿನಲ್ಲೇ ಇಳಿಸಿದೆ. ಮಾರನೇ ದಿನ ಉಡುಪಿಯಲ್ಲಿ ಸ್ಟಾರ್ಟ್ ಮಾಡಿ ಸ್ವಲ್ಪ ದೂರ ಹೋದರೆ ಎರಡೂ ಲೈಟ್ ಮಾಯ.

ಊರಿಗೆ ಬಂದ ಮೇಲೆ ಮತ್ತೆ ಶುರುವಾಯಿತು. ನನ್ನ ಹತ್ತಿರ ಕಾರಿನ ದೋಷದ ಕೋಡ್ ಓದುವ ಒಂದು ಅಗ್ಗದ ಬ್ಲೂಟೂತ್ ಸ್ಕ್ಯಾನರ್ ಇದೆ, ಅದರಲ್ಲಿ ಏನೂ ತೋರಿಸಲಿಲ್ಲ. ಆ ಥರದವು ಹೆಚ್ಚಾಗಿ ಪಿ ಅಕ್ಷರದ ಎಂಜಿನ್ ಕೋಡ್ ಮಾತ್ರ ಓದುತ್ತವೆ, ಬ್ರೇಕಿನ ಕೋಡುಗಳು ಸಿ ಅಕ್ಷರದವು. ಕಾರಿನ ಸರ್ವೀಸ್ ಸೆಂಟರಿಗೆ ಹೋದೆ (ಯಾವುದು ಅಂತ ಬರೆಯುವುದಿಲ್ಲ). ಸಿ0035 ಬಂತು, ಅಂದರೆ ಎಡಗಡೆ ಮುಂದಿನ ಚಕ್ರದ ಸ್ಪೀಡ್ ಸೆನ್ಸರ್ ಸರ್ಕ್ಯೂಟ್. ಸೆನ್ಸರ್ ಬದಲಿಸಿ 3,600 ರೂಪಾಯಿ ತೆಗೆದುಕೊಂಡರು. ನಾಲ್ಕೇ ದಿನಕ್ಕೆ ಲೈಟ್ ವಾಪಸ್, ಅದೂ ಮೊದಲಿಗಿಂತ ಜಾಸ್ತಿ. ಮತ್ತೆ ಹೋದರೆ ಎಬಿಎಸ್ ಮಾಡ್ಯೂಲೇ (ಅದನ್ನು ನಡೆಸುವ ಕಂಟ್ರೋಲ್ ಯೂನಿಟ್) ಹೋಗಿದೆ ಅಂದು 46,000ದ ಎಸ್ಟಿಮೇಟ್ ಕೈಗಿಟ್ಟರು.

ಆಗ ಸ್ನೇಹಿತರೊಬ್ಬರು ಸಾಗರ ರಸ್ತೆ ಕಡೆಯ ಈ ಗ್ಯಾರೇಜಿಗೆ ಕಳಿಸಿದರು. ಇಬ್ಬರೇ ಕೆಲಸ ಮಾಡುವ ಸಣ್ಣ ಜಾಗ. ಮೇಸ್ತ್ರಿ ಸ್ಕ್ಯಾನರ್ ಮುಟ್ಟುವ ಮೊದಲೇ ಒಂದು ಪ್ರಶ್ನೆ ಕೇಳಿದರು. "ಲೈಟ್ ಯಾವಾಗ ಹತ್ತತ್ತೆ ಸರ್? ನೇರ ಹೋಗುವಾಗಲೋ, ಸ್ಟೇರಿಂಗ್ ಪೂರ್ತಿ ತಿರುಗಿಸಿದಾಗಲೋ?" ಯೋಚಿಸಿ ನೋಡಿದರೆ ಪ್ರತಿ ಸಲವೂ ತಿರುವಿನಲ್ಲೇ, ಇಲ್ಲವಾದರೆ ಪಾರ್ಕಿಂಗಿನಲ್ಲಿ. ಅಲ್ಲಿಯವರೆಗೆ ಯಾರೂ ಇದನ್ನು ಕೇಳಿರಲಿಲ್ಲ.

ಆಮೇಲೆ ನನ್ನನ್ನೇ ಪಕ್ಕದಲ್ಲಿ ಕೂರಿಸಿಕೊಂಡು ಹೊರಟರು. ಸ್ಕ್ಯಾನರಿನಲ್ಲಿ ನಾಲ್ಕೂ ಚಕ್ರದ ವೇಗ ಒಟ್ಟಿಗೆ ಕಾಣುತ್ತಿತ್ತು. ನೇರ ರಸ್ತೆಯಲ್ಲಿ ಎಲ್ಲವೂ 20ರ ಆಸುಪಾಸು. ಖಾಲಿ ಜಾಗದಲ್ಲಿ ಪೂರ್ತಿ ಬಲಕ್ಕೆ ತಿರುಗಿಸಿದರು ನೋಡಿ, ಎಡಗಡೆ ಮುಂದಿನದು ದಿಢೀರ್ ಸೊನ್ನೆ! ಎರಡು ಲೈಟೂ ಹತ್ತಿದವು. ಇಎಸ್‌ಸಿಗೂ ಇದೇ ಸೆನ್ಸರುಗಳ ಲೆಕ್ಕ ಬೇಕು, ಅದಕ್ಕೇ ಒಂದು ಸೆನ್ಸರ್ ಕೈಕೊಟ್ಟರೆ ಎಬಿಎಸ್, ಇಎಸ್‌ಸಿ ಎರಡೂ ಆಫ್ ಆಗಿ ಲೈಟ್ ಹತ್ತುತ್ತವೆ. ಬೇರೆ ಕಡೆ ಚಕ್ರದ ಅಲೈನ್‌ಮೆಂಟ್ ಮಾಡಿಸಿದ್ದೆ ಅಂದದ್ದಕ್ಕೆ ಸ್ಟೇರಿಂಗ್ ಕೋನದ ಸೆನ್ಸರನ್ನೂ ನೋಡಿದರು. ನೇರ ಇಟ್ಟಾಗ ಸೊನ್ನೆ ತೋರಿಸಿತು, ಅದು ಸರಿ ಇದೆ ಅಂತ ಬಿಟ್ಟರು.

ಚಕ್ರ ಬಿಚ್ಚಿ, ಮಡ್‌ಗಾರ್ಡ್ ಒಳಗಿನ ಪ್ಲಾಸ್ಟಿಕ್ ತೆಗೆದ ಮೇಲೆ ಕಾರಣ ಕಣ್ಣಿಗೇ ಕಂಡಿತು. ವೈರಿನ ಕನೆಕ್ಟರ್ ಒಳಗೆ ನೀರು ಹೋಗಿ ಒಂದು ಪಿನ್ ಹಸಿರು ಕಟ್ಟಿತ್ತು. ಸಾಲದ್ದಕ್ಕೆ, ಹೊಸ ಸೆನ್ಸರ್ ಹಾಕಿದವರು ಅದರ ವೈರನ್ನು ಶಾಕ್ ಅಬ್ಸಾರ್ಬರಿನ ಕ್ಲಿಪ್ಪಿಗೆ ಸಿಕ್ಕಿಸಿರಲೇ ಇಲ್ಲ. ಹಾಗಾಗಿ ಚಕ್ರ ತಿರುಗಿದಾಗಲೆಲ್ಲ ವೈರ್ ಎಳೆದು ಪಿನ್ ಸಡಿಲವಾಗುತ್ತಿತ್ತು. ಕನೆಕ್ಟರ್ ಬಿಚ್ಚಿ ಮೀಟರ್ ಇಟ್ಟರೆ ವೋಲ್ಟೇಜ್ ಸರಿಯಾಗೇ ಇತ್ತು. ಸೆನ್ಸರ್ ಜೋಡಿಸಿಕೊಂಡು ವೈರ್ ಅಲ್ಲಾಡಿಸಿದಾಗ ಮಾತ್ರ ಬಿದ್ದುಹೋಗುತ್ತಿತ್ತು. ಓಮ್ಸ್ (ರೆಸಿಸ್ಟೆನ್ಸ್) ಯಾಕೆ ನೋಡಲ್ಲ ಅಣ್ಣಾ ಅಂತ ಕೇಳಿದೆ. ಅದು ಹಳೇ ಕಾಯಿಲ್ ಸೆನ್ಸರಿಗೆ ಸರಿ, ಇದು ಆಕ್ಟಿವ್ ಸೆನ್ಸರ್, ಒಳಗೆ ಐಸಿ ಚಿಪ್ ಇರುತ್ತದೆ, ಓಮ್ಸ್ ನೋಡಿ ಏನೂ ಗೊತ್ತಾಗಲ್ಲ ಅಂದರು. ಕೆಲಸ ಮಾಡುತ್ತಲೇ ಇಷ್ಟೆಲ್ಲ ಹೇಳಿಕೊಟ್ಟರು, ಅದು ನನಗೆ ತುಂಬಾ ಇಷ್ಟವಾಯಿತು.

ಪಿನ್ ಬದಲಿಸಿ, ಗ್ರೀಸ್ ಹಾಕಿ, ವೈರನ್ನು ಕ್ಲಿಪ್ಪಿಗೆ ಕೂರಿಸಿ, ಕೋಡ್ ಅಳಿಸಿ, ಮತ್ತೆ ಅದೇ ಜಾಗದಲ್ಲಿ ಎರಡೂ ಕಡೆ ಪೂರ್ತಿ ತಿರುಗಿಸಿ ತೋರಿಸಿದರು. ಒಟ್ಟು 1,400 ರೂಪಾಯಿ, ಸ್ಕ್ಯಾನಿಂಗೂ ಅದರಲ್ಲೇ ಸೇರಿತ್ತು.

ಕೊರತೆಗಳೂ ಇವೆ. 11 ಗಂಟೆಗೆ ಬನ್ನಿ ಅಂದವರು ಕಾರು ಮುಟ್ಟಿದ್ದು ಒಂದೂವರೆಗೆ. ಕೂರಲು ಜಾಗವಿಲ್ಲ. ಬಿಲ್ ಕೇಳಿದರೆ ಮಾತ್ರ ಕೊಡುತ್ತಾರೆ. ಮಾಡ್ಯೂಲ್ ನಿಜವಾಗಲೂ ಹೋಗಿದ್ದರೆ ಪ್ರೋಗ್ರಾಮಿಂಗ್ ಇಲ್ಲಿ ಆಗುವುದಿಲ್ಲ, ಅದನ್ನು ಅವರೇ ಮೊದಲೇ ಹೇಳಿಬಿಟ್ಟರು.

2019ರ ಏಪ್ರಿಲ್‌ನಿಂದ ನಮ್ಮಲ್ಲಿ ಎಲ್ಲ ಹೊಸ ಕಾರಿಗೂ ಎಬಿಎಸ್ ಕಡ್ಡಾಯ. ಅವುಗಳಲ್ಲಿ ಹಳೆಯವುಗಳ ವಾರಂಟಿ ಮುಗಿದಿದೆ, ಮಲೆನಾಡಿನ ಮಳೆ, ಕೆಸರು ಅಂತೂ ಇದ್ದೇ ಇದೆ. ಹಳದಿ ಎಬಿಎಸ್ ಲೈಟ್ ಒಂದೇ ಹತ್ತಿದ್ದರೆ ಮಾಮೂಲಿ ಬ್ರೇಕ್ ಹಿಡಿಯುತ್ತದೆ, ಜೋರಾಗಿ ತುಳಿದಾಗ ಚಕ್ರ ಲಾಕ್ ಆಗಬಹುದು ಅಷ್ಟೇ, ನಿಧಾನವಾಗಿ ಗ್ಯಾರೇಜ್ ತಲುಪಬಹುದು. ಅದರ ಜೊತೆ ಕೆಂಪು ಬ್ರೇಕ್ ಲೈಟೂ ಹತ್ತಿದರೆ ಕಾರು ಓಡಿಸಲೇಬೇಡಿ. ಅಲ್ಲೇ ನಿಲ್ಲಿಸಿ, ಬ್ರೇಕ್ ಆಯಿಲ್ ನೋಡಿ, ಮೆಕ್ಯಾನಿಕ್‌ನನ್ನು ಅಲ್ಲಿಗೇ ಕರೆಸಿ.

ರಿಪೇರಿ ಆದ ಮೇಲೆ ಎರಡು ಸಲ ಆಗುಂಬೆ ಇಳಿದು ಹತ್ತಿದ್ದೇನೆ, ಒಂದು ಸಲ ಜಡಿಮಳೆಯಲ್ಲಿ. ಲೈಟ್ ಬಂದಿಲ್ಲ. ಹೋಗುವವರು ಬೆಳಗ್ಗೆ ಬಾಗಿಲು ತೆಗೆಯುವ ಹೊತ್ತಿಗೇ ಹೋಗಿ, ಮತ್ತು ಲೈಟ್ ಯಾವಾಗ ಯಾವಾಗ ಹತ್ತುತ್ತದೆ ಅಂತ ಬರೆದಿಟ್ಟುಕೊಂಡು ಹೋಗಿ. ಅವರು ಕೇಳೇ ಕೇಳುತ್ತಾರೆ.