ಪೆಟ್ ಸ್ಕ್ಯಾನ್ ಸೆಂಟರ್: ಮಷಿನ್‌ಗೆ ಐದು ಸ್ಟಾರ್, ಕೌಂಟರ್‌ಗೆ ಒಂದೇ

ಹೆಸರು ಬೇಡ, ಬೆಂಗಳೂರಿನ ಒಂದು ಸ್ಕ್ಯಾನ್ ಸೆಂಟರ್ ಅಂತಿಟ್ಟುಕೊಳ್ಳಿ. ಅಪ್ಪನಿಗೆ ಎರಡು ತಿಂಗಳಿಂದ ಕೆಮ್ಮು, ತೂಕ ಇಳಿದಿತ್ತು, ಎಕ್ಸ್‌ರೇಯಲ್ಲಿ ಬಲಗಡೆ ಶ್ವಾಸಕೋಶದ ಮೇಲ್ಭಾಗದಲ್ಲಿ ಗಡ್ಡೆಯಂಥದ್ದು ಕಂಡಿತ್ತು. ನಲವತ್ತು ವರ್ಷ ಬೀಡಿ ಸೇದಿದವರು ಬೇರೆ. ಕ್ಯಾನ್ಸರ್ ಇದೆಯಾ ಅಂತ ನೋಡೋಕೆ ಡಾಕ್ಟರು ಪೆಟ್-ಸಿಟಿ ಸ್ಕ್ಯಾನ್ ಬರೆದುಕೊಟ್ಟರು.

ಜಾಗ ಚೊಕ್ಕಟವಾಗಿದೆ. ಆರು ಗಂಟೆ ಏನೂ ತಿನ್ನಬೇಡಿ, ಬರೀ ನೀರು ಕುಡೀರಿ ಅಂತ ಹಿಂದಿನ ದಿನವೇ ಫೋನ್ ಬಂತು. ಶುಗರ್ ನೋಡಿ, ಇಂಜೆಕ್ಷನ್ ಕೊಟ್ಟು, ಒಂದು ಗಂಟೆ ಸುಮ್ನೆ ಮಲಗಿಸಿದರು. ಅಪ್ಪ ಬಾಯಿ ಮುಚ್ಚಿ ಕೂರುವವರಲ್ಲ. "ಯಜಮಾನ್ರೇ, ಮಾತಾಡಿದ್ರೆ ಗಂಟಲೂ ಸ್ಕ್ಯಾನ್‌ನಲ್ಲಿ ಹೊಳೆಯುತ್ತೆ" ಅಂದ ಟೆಕ್ನಿಷಿಯನ್ ಹುಡುಗ, ಆಮೇಲೆ ಅಪ್ಪ ಉಸಿರೆತ್ತಲಿಲ್ಲ. ಮೈಯಲ್ಲಿ ಸ್ವಲ್ಪ ವಿಕಿರಣ ಇರುತ್ತೆ, ಸಂಜೆವರೆಗೂ ಮೊಮ್ಮಗಳನ್ನು ಎತ್ತಿಕೊಳ್ಳಬೇಡಿ ಅಂತಲೂ ನೆನಪಿಸಿ ಕಳಿಸಿದ.

ಕೆಟ್ಟದ್ದು ಮರುದಿನ. ರಿಪೋರ್ಟ್ ಕೊಡುವ ಕೌಂಟರಿನವರು ಕವರ್‌ಗೆ ಹಾಕುತ್ತಾ "ಕ್ಯಾನ್ಸರ್ ಥರಾನೇ ಇದೆ, ಗಂಟುಗಳಿಗೂ (ಲಿಂಫ್ ನೋಡ್) ಹರಡಿದೆ" ಅಂದುಬಿಟ್ಟರು, ಬಸ್ ಹೊರಟೋಯ್ತು ಅನ್ನುವ ಹಾಗೆ. ನಾಲ್ಕು ದಿನ ಮನೆಯಲ್ಲಿ ಒಲೆ ಹಚ್ಚಿದ್ದೂ ನೆನಪಿಲ್ಲ.

ಎದೆ ಡಾಕ್ಟರು ರಿಪೋರ್ಟಿನ ಕೊನೇ ಸಾಲಿಗೆ ಬೆರಳಿಟ್ಟು ತೋರಿಸಿದರು: ಟಿಬಿಯೂ ಇರಬಹುದು, ಬಯಾಪ್ಸಿ ಮಾಡಿಸಿ. ನಾವು ಅಲ್ಲಿವರೆಗೆ ಓದಿಯೇ ಇರಲಿಲ್ಲ. ಆ ಇಂಜೆಕ್ಷನ್‌ನಲ್ಲಿ ಇರುವುದು ವಿಕಿರಣ ಸೇರಿಸಿದ ಸಕ್ಕರೆಯಂಥದ್ದು, ಕ್ಯಾನ್ಸರ್ ಕೋಶಗಳು ಅದನ್ನು ಜಾಸ್ತಿ ಎಳೆದುಕೊಂಡು ಹೊಳೆಯುತ್ತವೆ ನಿಜ, ಆದರೆ ಟಿಬಿ ಜೊತೆ ಹೊಡೆದಾಡುವ ನಮ್ಮದೇ ಬಿಳಿ ರಕ್ತಕಣಗಳಿಗೂ ಅಷ್ಟೇ ಹಸಿವು. ಕೆಲವು ಫಂಗಸ್ ಸೋಂಕೂ ಹೀಗೇ ಕಾಣುತ್ತದಂತೆ. ಸಕ್ಕರೆ ಎಲ್ಲಿ ಖರ್ಚಾಗ್ತಿದೆ ಅಂತ ಮಷಿನ್ ಹೇಳುತ್ತೆ, ತಿಂದವರು ಯಾರು ಅಂತ ಹೇಳಲ್ಲ. ಎಸ್‌ಯುವಿ (ಆ ಸಕ್ಕರೆ ಎಷ್ಟು ಎಳೆದುಕೊಂಡಿದೆ ಅನ್ನುವ ಲೆಕ್ಕ) ನಂಬರ್ ದೊಡ್ಡದಿದೆ ಅಂತ ಗೂಗಲ್ ಮಾಡಿ ಅತ್ತಿದ್ದು ನಾನೇ.

ಬಯಾಪ್ಸಿಗೆ ಅಂತ ಸೂಜಿ ಹಾಕಿ ಗಡ್ಡೆಯ ಚೂರು ತೆಗೆದರು. ಜೀನ್‌ಎಕ್ಸ್‌ಪರ್ಟ್ ಅನ್ನೋ ಟಿಬಿ ಟೆಸ್ಟಲ್ಲಿ ಟಿಬಿ ಬಂತು, ಕ್ಯಾನ್ಸರ್ ಕೋಶ ಒಂದೂ ಇಲ್ಲ. ಟಿಬಿ ಅಂತ ಕೇಳಿ ಅಮ್ಮ ದೇವರಿಗೆ ತುಪ್ಪದ ದೀಪ ಹಚ್ಚಿದರು, ಹೇಗಿದೆ ನೋಡಿ! ಆರು ತಿಂಗಳ ಮಾತ್ರೆ, ಸರ್ಕಾರಿ ಆಸ್ಪತ್ರೆಯಲ್ಲಿ ಪುಕ್ಕಟೆ, ಜೊತೆಗೆ ಊಟಕ್ಕೆ ಅಂತ ತಿಂಗಳಿಗೆ 1000 ರೂಪಾಯಿ. ಈಗ ಮೂರನೇ ತಿಂಗಳು, ಪ್ಯಾಂಟು ಮತ್ತೆ ಸೊಂಟಕ್ಕೆ ನಿಲ್ಲುತ್ತಿದೆ. ಬೀಡಿ ಮಾತ್ರ ಇನ್ನೂ ಜೇಬಲ್ಲಿ ಸಿಗುತ್ತೆ.

ಸ್ಕ್ಯಾನ್‌ಗೆ ಧಾರಾಳವಾಗಿ ಹೋಗಿ. ಸ್ಕ್ಯಾನ್ ಚಿತ್ರಗಳ ಸಿಡಿ ಕೇಳಿ ಇಸ್ಕೊಳ್ಳಿ, ಕೌಂಟರಲ್ಲಿ ಏನಾದ್ರೂ ಹೇಳೋಕೆ ಬಾಯಿ ತೆಗೆದ್ರೆ ಕವರ್ ತಗೊಂಡು ಹೊರಟುಬಿಡಿ. ಪಾರ್ಕಿಂಗ್ ಇಲ್ಲ, ಆಟೋನೇ ವಾಸಿ.