ಘಟ್ಟದಲ್ಲಿ ಜಿಯೋಕ್ಯಾಶ್ ಹುಡುಕಲು: ಮೊಬೈಲೋ, ಜಿಪಿಎಸ್ ಸಾಧನವೋ?

ಜಿಯೋಕ್ಯಾಶ್ ಎಂದರೆ ಜಿಪಿಎಸ್ ನೆರವಿನಿಂದ ಇತರರು ಹುಡುಕಲೆಂದು ಆಟಗಾರರು ಬಚ್ಚಿಟ್ಟ ಡಬ್ಬಿ. ಪ್ರತಿಯೊಂದಕ್ಕೂ ಅಲ್ಲಿನ ನೆಲದ ಕಷ್ಟವನ್ನು ಸೂಚಿಸುವ ಅಂಕ 1ರಿಂದ 5ರವರೆಗೆ ಇರುತ್ತದೆ. ಸಾಧನ ಕೊಳ್ಳುವ ಮೊದಲು ಅದನ್ನು ನೋಡಿ.

ಮಲ್ಪೆ, ಮಣಿಪಾಲದ ಸುತ್ತಾಟಕ್ಕೆ ಮೊಬೈಲ್ ಸಾಕು.

ಕೊಲ್ಲೂರಿನ ಕಡೆಯಿಂದ 1,343 ಮೀಟರ್ ಎತ್ತರದ ಕೊಡಚಾದ್ರಿಯನ್ನು ಕಾಡುದಾರಿಯಲ್ಲಿ ಹತ್ತುವಂಥ ಚಾರಣದ ಮಾತೇ ಬೇರೆ. ತರಗೆಲೆ ಮುಚ್ಚಿದ ಕಾಲುದಾರಿ ಎಲ್ಲಿ ಕವಲೊಡೆಯಿತೆಂದೇ ತಿಳಿಯುವುದಿಲ್ಲ. ಜಿಪಿಎಸ್‌ಗೆ ನೆಟ್‌ವರ್ಕ್ ಬೇಕಿಲ್ಲ, ನಿಜ. ಆದರೆ ಮೊದಲೇ ಇಳಿಸಿಕೊಳ್ಳದ ನಕ್ಷೆ ಮೊಬೈಲಿನಲ್ಲಿ ತೆರೆದುಕೊಳ್ಳುವುದಿಲ್ಲ. ಒದ್ದೆ ಬೆರಳಿಗೆ ಟಚ್‌ಸ್ಕ್ರೀನ್ ಸರಿಯಾಗಿ ಸ್ಪಂದಿಸುವುದೂ ಇಲ್ಲ. ಗುಂಡಿಗಳಿರುವ, ನೀರು ತಡೆಯುವ ಜಿಪಿಎಸ್ ಸಾಧನಕ್ಕೆ ಕೊಟ್ಟ ದುಡ್ಡು ಸಾರ್ಥಕವಾಗುವುದು ಇಲ್ಲಿಯೇ. ಹಲವು ಮಾದರಿಗಳಲ್ಲಿ ಎಎ ಬ್ಯಾಟರಿಯನ್ನು ದಾರಿಯಲ್ಲೇ ಬದಲಿಸಬಹುದು. ನನಗೆ ಎಲ್ಲಕ್ಕಿಂತ ಹೆಚ್ಚು ಧೈರ್ಯ ಕೊಡುವ ಗುಣ ಅದು. ದಟ್ಟ ಮರಗಳಡಿ ಮಾತ್ರ ಎರಡೂ ಹಲವು ಮೀಟರ್ ತಪ್ಪಬಲ್ಲವು. ಕೊನೆಗೆ ಬಂಡೆಯ ಸಂದು, ಬೇರಿನ ಪೊಟರೆಗಳನ್ನು ಕಣ್ಣಿನಿಂದಲೇ ಹುಡುಕಬೇಕು.

ಯಾವುದೇ ಇರಲಿ, ನಡೆದ ದಾರಿ ದಾಖಲಾಗುತ್ತಿರಲಿ. ಅರಣ್ಯ ಇಲಾಖೆಯ ಅನುಮತಿ ಮೊದಲೇ ವಿಚಾರಿಸಿ.

ಉಪಗ್ರಹದ ಮೂಲಕ ಸಂದೇಶ ಕಳುಹಿಸುವ ಮಾದರಿ ಬೇಡ. ಭಾರತದಲ್ಲಿ ಅದಕ್ಕೆ ದೂರಸಂಪರ್ಕ ಇಲಾಖೆಯ ಅನುಮತಿ ಬೇಕು. ಅಂಕ 3 ದಾಟಿದ ಜಾಗಗಳಿಗೇ ಹೋಗುವವರು ಸಾದಾ ಜಿಪಿಎಸ್ ಸಾಧನ ಕೊಳ್ಳಿ, ಮೊಬೈಲನ್ನು ಪೂರ್ತಿ ಚಾರ್ಜ್ ಮಾಡಿ ಚೀಲದಲ್ಲಿಡಿ.