ಟೊಬೀನ್ ಕಾದಂಬರಿ ಯಾವುದು ಮೊದಲು? ಮೂರನ್ನೂ ಓದಿದ ಮೇಲೆ ನನ್ನ ಓಟು ‘ನೋರಾ ವೆಬ್‌ಸ್ಟರ್’ಗೆ

ಮೊದಲೇ ಹೇಳಿಬಿಡುತ್ತೇನೆ. ಐರ್ಲೆಂಡಿನ ಕೊಲಮ್ ಟೊಬೀನ್ ಅವರ ಒಂದೇ ಒಂದು ಪುಸ್ತಕಕ್ಕೆ ದುಡ್ಡಿದೆ ಅಂದರೆ ‘ನೋರಾ ವೆಬ್‌ಸ್ಟರ್’ ತಗೊಳ್ಳಿ. ಎರಡಕ್ಕೆ ಆಗುತ್ತದೆ ಅಂದರೆ ‘ಬ್ರೂಕ್ಲಿನ್’ ಮೊದಲು, ‘ನೋರಾ’ ಆಮೇಲೆ. ‘ಲಾಂಗ್ ಐಲೆಂಡ್’ ಮಾತ್ರ ಕೊನೆಗೆ. ನಾನು ಓದಿದ್ದು ಕೊನೆಯದನ್ನೇ ಮೊದಲು. ಅದರ ಬೇಜಾರು ಇನ್ನೂ ಹೋಗಿಲ್ಲ. ನಿಮಗೂ ಹಾಗಾಗಬಾರದು ಅಂತಲೇ ಇದನ್ನು ಬರೆಯುತ್ತಿದ್ದೇನೆ.

ಟೊಬೀನ್ ಹುಟ್ಟಿದ್ದು 1955ರಲ್ಲಿ, ವೆಕ್ಸ್‌ಫರ್ಡ್ ಕೌಂಟಿಯ ಎನ್ನಿಸ್ಕೋರ್ತಿ ಅನ್ನುವ ಊರಲ್ಲಿ. ಸ್ಲೇನಿ ನದಿಯ ದಂಡೆಯ ಸಣ್ಣ ಪಟ್ಟಣ. ಮೂರೂ ಕಾದಂಬರಿಗಳ ಬೇರು ಅಲ್ಲೇ ಇದೆ. ಯಾರ ಮನೆಗೆ ಯಾರು ಬಂದರು, ಯಾರ ಮಗಳು ಯಾರ ಜೊತೆ ಓಡಾಡಿದಳು, ಎಲ್ಲ ಎಲ್ಲರಿಗೂ ಗೊತ್ತಿರುವ ಊರು. ಒಂದು ಪುಸ್ತಕದಲ್ಲಿ ಸುಮ್ನೆ ಹಾದುಹೋದವರು ಇನ್ನೊಂದರಲ್ಲಿ ಎದುರಿಗೆ ಬಂದು ಕೂರುತ್ತಾರೆ. ಅದಕ್ಕೇ ಓದುವ ಕ್ರಮ ಇಷ್ಟು ಮುಖ್ಯ.

ನನಗೆ ಇದು ಗೊತ್ತಿರಲಿಲ್ಲ. ‘ಲಾಂಗ್ ಐಲೆಂಡ್’ ಬಂದಿದ್ದು 2024ರಲ್ಲಿ. ಎಲ್ಲಿ ನೋಡಿದರೂ ಅದರದ್ದೇ ಮಾತು. ಹೊಸ ಪುಸ್ತಕಕ್ಕೆ ದುಡ್ಡು ಹಾಕುವವಳಲ್ಲ ನಾನು, ಹಳೇ ಪುಸ್ತಕದ ಅಂಗಡಿಯೇ ನನಗೆ ಸಾಕು. ಆದರೂ ಮನಸ್ಸು ತಡೆಯದೆ ಆನ್‌ಲೈನ್‌ನಲ್ಲಿ ಪೂರ್ತಿ ಬೆಲೆ ಕೊಟ್ಟು ತರಿಸಿದೆ. ಇದು ಹದಿನೈದು ವರ್ಷ ಹಿಂದಿನ ಕಾದಂಬರಿಯ ಮುಂದುವರಿಕೆ ಅಂತ ಮಾರಾಟದ ಪುಟದ ವಿವರಣೆಯಲ್ಲಿ ಎಲ್ಲೂ ಇರಲಿಲ್ಲ.

ಕಥೆ ಶುರುವಾಗುವುದು 1976ರಲ್ಲಿ. ಅಮೆರಿಕದ ಲಾಂಗ್ ಐಲೆಂಡ್‌ನಲ್ಲಿರುವ ಐಲಿಶ್ ಅನ್ನುವ ಹೆಂಗಸಿನ ಮನೆ ಬಾಗಿಲಿಗೆ ಗುರುತಿಲ್ಲದ ಐರಿಶ್ ಗಂಡಸು ಬರುತ್ತಾನೆ. ಅವಳ ಗಂಡನ ಬಗ್ಗೆ ಒಂದು ಮಾತು ಹೇಳುತ್ತಾನೆ, ಒಂದು ಬೆದರಿಕೆ ಹಾಕಿ ಹೋಗುತ್ತಾನೆ. ಅಲ್ಲಿಂದ ಪುಸ್ತಕ ಕೆಳಗಿಡಲು ಆಗಲಿಲ್ಲ. ರಾತ್ರಿ ಅಡುಗೆಮನೆ ಕೆಲಸ ಮುಗಿಸಿ ಕೂತರೆ ಹನ್ನೆರಡೂವರೆ ಆಗುತ್ತಿತ್ತು. ಓದಿ ಮುಗಿಸಿ ಅಕ್ಕನಿಗೆ ಕಳಿಸಿದೆ. ‘ಕಣ್ಣು ಮುಚ್ಚಿಕೊಂಡು ಓದು’ ಅಂತ ಹೇಳಿದೆ. ಅವಳೂ ಎರಡೇ ದಿನದಲ್ಲಿ ಮುಗಿಸಿದಳು.

ತಿಂಗಳಾದ ಮೇಲೆ ಹಳೇ ಪುಸ್ತಕದ ಅಂಗಡಿಯಲ್ಲಿ ‘ಬ್ರೂಕ್ಲಿನ್’ ಸಿಕ್ಕಿತು, ನೂರೈವತ್ತು ರೂಪಾಯಿಗೆ. 2009ರಲ್ಲಿ ಬಂದ ಕಾದಂಬರಿ. ಮೊದಲ ಪುಟದಲ್ಲೇ ಒಬ್ಬ ಹುಡುಗಿ ಮಹಡಿ ಕೋಣೆಯ ಕಿಟಕಿಯ ಹತ್ತಿರ ಕೂತಿದ್ದಾಳೆ. ಕೆಲಸ ಮುಗಿಸಿ ಬಿರಬಿರನೆ ನಡೆದುಬರುವ ಅಕ್ಕ ರೋಸ್‌ಳನ್ನು ನೋಡುತ್ತಿದ್ದಾಳೆ. ಹುಡುಗಿಯ ಹೆಸರು ಐಲಿಶ್. ಅದೇ ಐಲಿಶ್! ಅವಳ ಮುಂದಿನ ಇಪ್ಪತ್ತು ಚಿಲ್ಲರೆ ವರ್ಷ ನನಗೆ ಆಗಲೇ ಗೊತ್ತು.

ನಷ್ಟ ಎಷ್ಟು ದೊಡ್ಡದು ಅಂತ ಬಿಡಿಸಿ ಹೇಳಬೇಕು. ‘ಬ್ರೂಕ್ಲಿನ್’ ನಿಂತಿರುವುದೇ ಒಂದು ಪ್ರಶ್ನೆಯ ಮೇಲೆ. 1950ರ ದಶಕದ ಶುರುವಿನಲ್ಲಿ ಕೆಲಸ ಸಿಗದ ಹುಡುಗಿಯನ್ನು ಅಕ್ಕ ಮತ್ತು ಒಬ್ಬ ಪಾದ್ರಿ ಸೇರಿ ಅಮೆರಿಕಕ್ಕೆ, ನ್ಯೂಯಾರ್ಕ್ ನಗರದ ಬ್ರೂಕ್ಲಿನ್‌ಗೆ ಕಳಿಸುತ್ತಾರೆ. ಅಲ್ಲಿ ಬಟ್ಟೆ ಅಂಗಡಿಯ ಕೆಲಸ, ರಾತ್ರಿ ಕಾಲೇಜಿನಲ್ಲಿ ಲೆಕ್ಕ ಬರೆಯುವ ಪಾಠ. ನಿಧಾನಕ್ಕೆ ಅಲ್ಲೊಂದು ಬದುಕು ಆಗುತ್ತದೆ. ಆಮೇಲೆ ಊರಿಗೆ ಬರುತ್ತಾಳೆ. ಬಂದರೆ ಇಲ್ಲೂ ಒಂದು ಬದುಕು ಬಾಗಿಲು ತೆರೆದು ಕಾದಿರುತ್ತದೆ. ಉಳಿಯುತ್ತಾಳಾ, ಹೋಗುತ್ತಾಳಾ? ಕೊನೆಯ ಭಾಗದ ಪ್ರತಿ ಪುಟದಲ್ಲೂ ಎದೆ ಡವಡವ ಅನ್ನಬೇಕು. ನನಗೆ ಅನ್ನಲಿಲ್ಲ. ಒಬ್ಬ ಹುಡುಗ ನೃತ್ಯಕ್ಕೆ ಕರೆದರೆ, ‘ಓ, ಇವನು ಆಮೇಲೆ ಹೀಗಾಗುತ್ತಾನೆ’ ಅಂತ ತಲೆಯೊಳಗೆ ಯಾರೋ ಹೇಳುತ್ತಿದ್ದರು. ಮೊದಲ ಸಲ ಓದುವ ಸುಖ ಒಂದೇ ಸಲ ಸಿಗುವುದು, ಅಲ್ವಾ? ಅದನ್ನು ಅಕ್ಕನ ಕೈಯಿಂದಲೂ ಕಿತ್ತುಕೊಂಡಂತಾಯಿತು. ಅವಳು ಏನೂ ಅನ್ನಲಿಲ್ಲ. ‘ಇದನ್ನ ಮೊದಲು ಕೊಡಬಾರದಿತ್ತಾ?’ ಅಂತ ಮಾತ್ರ ಕೇಳಿದಳು.

ಹಾಗಿದ್ದೂ ಹಡಗಿನ ಭಾಗ ನನ್ನನ್ನು ಹಿಡಿದು ಅಲ್ಲಾಡಿಸಿತು. ಐಲಿಶ್‌ಗೆ ಸಿಕ್ಕಿದ್ದು ಕಡಿಮೆ ದರ್ಜೆಯ ಕ್ಯಾಬಿನ್. ಎರಡು ಕ್ಯಾಬಿನ್‌ಗೆ ಸೇರಿ ಒಂದೇ ಬಚ್ಚಲು. ಸಮುದ್ರ ಕೆರಳಿದ ರಾತ್ರಿ ಹೊಟ್ಟೆ ತೊಳಸಿ ಅವಳು ಓಡಿದರೆ, ಪಕ್ಕದ ಕ್ಯಾಬಿನ್‌ನವರು ಒಳಗಿನಿಂದ ಚಿಲಕ ಹಾಕಿಕೊಂಡಿದ್ದಾರೆ. ಬಡಿದರೂ ತೆಗೆಯುವುದಿಲ್ಲ. ಮನೆ ಬಿಟ್ಟು ಬಂದವಳ ಒಂಟಿತನದ ಬಗ್ಗೆ ಟೊಬೀನ್ ಅಲ್ಲಿ ಒಂದು ಮಾತೂ ಬರೆಯುವುದಿಲ್ಲ. ಆ ಚಿಲಕವೇ ಸಾಕು.

ಎರಡು ಸಣ್ಣ ಮಾತು. ಈ ಪುಸ್ತಕ ನಾಲ್ಕೇ ಉದ್ದುದ್ದ ಭಾಗದಲ್ಲಿದೆ, ಬಸ್ಸಿನಲ್ಲಿ ಹತ್ತು ಹದಿನೈದು ನಿಮಿಷ ಓದುವವರಿಗೆ ಎಲ್ಲಿ ನಿಲ್ಲಿಸಬೇಕು ಅಂತ ಗೊತ್ತಾಗುವುದಿಲ್ಲ. 2015ರಲ್ಲಿ ಬಂದ ಸಿನಿಮಾ ಚೆನ್ನಾಗಿದೆ, ಆದರೆ ಓದಿದ ಮೇಲೆ ನೋಡಿ.

ಇನ್ನು ‘ನೋರಾ ವೆಬ್‌ಸ್ಟರ್’. 2014ರದ್ದು. ಎನ್ನಿಸ್ಕೋರ್ತಿಯಲ್ಲೇ, 1960ರ ದಶಕದ ಕೊನೆಯಲ್ಲಿ, ಮೇಷ್ಟ್ರಾಗಿದ್ದ ಗಂಡ ತೀರಿಹೋಗಿ ನಾಲ್ಕು ಮಕ್ಕಳ ಜೊತೆ ಉಳಿದ ಹೆಂಗಸಿನ ಕಥೆ. ಟೊಬೀನ್‌ಗೆ ಹನ್ನೆರಡು ವರ್ಷ ಇದ್ದಾಗ ಅವರ ತಂದೆಯೂ ತೀರಿಹೋಗಿದ್ದರು, ಅವರೂ ಮೇಷ್ಟ್ರೇ. ಕಾದಂಬರಿಯ ದೊಡ್ಡ ಹುಡುಗ ಡೊನಾಲ್ ತೊದಲುತ್ತಾನೆ, ಚಿಕ್ಕಂದಿನಲ್ಲಿ ಟೊಬೀನ್ ತೊದಲುತ್ತಿದ್ದ ಹಾಗೆಯೇ. ತನ್ನ ಮನೆಯ ದುಃಖವನ್ನು ಮಗನ ಕಣ್ಣಿನಿಂದಲ್ಲ, ತಾಯಿಯ ಒಳಗಿನಿಂದ ಬರೆದಿದ್ದಾರೆ. ಅದೇ ಇದರ ದೊಡ್ಡತನ.

ಪುಸ್ತಕ ತೆರೆದರೆ ಸಂಜೆ. ಮಾತಾಡಿಸಿಕೊಂಡು ಹೋಗಲು ಜನ ಬರುತ್ತಲೇ ಇದ್ದಾರೆ. ಇವರು ಬರುವುದು ನಿಲ್ಲುವುದೇ ಇಲ್ಲವಾ ಅಂತ ಪಕ್ಕದ ಮನೆಯವನೇ ಕೇಳುತ್ತಾನೆ. ಆ ಪುಟ ಓದುವಾಗ ನಾನು ಪುಸ್ತಕ ಮಡಚಿ ಸ್ವಲ್ಪ ಹೊತ್ತು ಸುಮ್ಮನೆ ಕೂತೆ. ಅಪ್ಪ ಹೋದಾಗ ಅಮ್ಮ ಹೀಗೇ ಕೂರುತ್ತಿದ್ದಳು. ಬಂದವರು ಕಾಫಿ ಲೋಟ ಕೆಳಗಿಟ್ಟು ‘ಧೈರ್ಯ ತಂದ್ಕೋಬೇಕು’ ಅನ್ನುತ್ತಿದ್ದರು. ಅವಳು ತಲೆ ಆಡಿಸುತ್ತಿದ್ದಳು. ಅವರು ಹೋದ ಮೇಲೆ ಲೋಟ ತೊಳೆಯುತ್ತಿದ್ದಳು. ಒಳಗೆ ಏನು ನಡೆಯುತ್ತಿತ್ತು ಅಂತ ನಾವು ಯಾರೂ ಕೇಳಲಿಲ್ಲ. ನೋರಾಳ ಒಳಗೆ ಏನು ನಡೆಯುತ್ತದೆ ಅನ್ನುವುದೇ ಈ ಕಾದಂಬರಿ.

ನೋರಾಳ ಮನೆಗೆ ಹಾಗೆ ಬಂದವರಲ್ಲಿ ಒಬ್ಬಾಕೆ ಯಾರು ಗೊತ್ತಾ? ಐಲಿಶ್‌ಳ ತಾಯಿ! ಟೊಬೀನ್ ಹುಡುಗನಾಗಿದ್ದಾಗ ತಂದೆ ತೀರಿದ ಮನೆಗೆ ಮಾತಾಡಿಸಲು ಬಂದ ಒಬ್ಬಾಕೆ ಬ್ರೂಕ್ಲಿನ್‌ನಲ್ಲಿರುವ ಮಗಳ ಬಗ್ಗೆ ಮಾತಾಡಿದ್ದರಂತೆ. ಆ ಮಾತೇ ಬೆಳೆದು ‘ಬ್ರೂಕ್ಲಿನ್’ ಆಯಿತು ಅಂತ ಅವರೇ ಹೇಳಿದ್ದಾರೆ. ‘ಬ್ರೂಕ್ಲಿನ್’ ಓದಿ ಇಲ್ಲಿಗೆ ಬಂದರೆ ಆ ಮುದುಕಿ ಮಗಳ ಮಾತು ಎತ್ತಿದಾಗ ಕರುಳು ಚುರ್ ಅನ್ನುತ್ತದೆ. ಓದದೆ ಬಂದರೆ ಅವಳು ಬರೀ ಒಬ್ಬ ನೆಂಟರ ಹಾಗೆ.

ಕಥೆಯಲ್ಲಿ ದೊಡ್ಡದೇನೂ ಆಗುವುದಿಲ್ಲ. ನೋರಾ ಸಮುದ್ರದ ದಂಡೆಯ ಚಿಕ್ಕ ಮನೆ ಮಾರುತ್ತಾಳೆ. ಮದುವೆಗೆ ಮುಂಚೆ ಇದ್ದ ಆಫೀಸು ಕೆಲಸಕ್ಕೇ ವಾಪಸ್ ಹೋಗುತ್ತಾಳೆ. ತಲೆಗೂದಲಿಗೆ ಬಣ್ಣ ಹಾಕಿಸಿಕೊಂಡು ಹೊರಗೆ ಬಂದರೆ, ಗಂಡ ಸತ್ತವಳು ಇದೇನು ಅಂದಾರು ಅಂತ ಮನೆವರೆಗೆ ನಡೆಯುವುದೇ ಕಷ್ಟ. ಚಿಕ್ಕ ಮಗನನ್ನು ಶಾಲೆಯಲ್ಲಿ ಕೆಳಗಿನ ಸೆಕ್ಷನ್‌ಗೆ ಹಾಕಿದಾಗ ಗೇಟಿನ ಮುಂದೆ ಫಲಕ ಹಿಡಿದು ನಿಲ್ಲುತ್ತೇನೆ ಅನ್ನುತ್ತಾಳೆ. ಆಮೇಲೆ ಹಾಡು ಕಲಿಯಲು ಹೋಗುತ್ತಾಳೆ. ಗಂಡನಿಗೆ ಗೊತ್ತೇ ಇರದ ಒಂದು ದನಿ ಅವಳ ಗಂಟಲಿಂದ ಬರುತ್ತದೆ. 1972ರ ಜನವರಿಯಲ್ಲಿ ಉತ್ತರ ಐರ್ಲೆಂಡಿನ ಡೆರಿಯಲ್ಲಿ ಮೆರವಣಿಗೆಯವರ ಮೇಲೆ ಬ್ರಿಟಿಷ್ ಸೈನಿಕರು ಗುಂಡು ಹಾರಿಸಿದ್ದು, ಅದರ ಸಿಟ್ಟಿಗೆ ಡಬ್ಲಿನ್‌ನಲ್ಲಿ ಬ್ರಿಟಿಷ್ ರಾಯಭಾರ ಕಚೇರಿಗೆ ಬೆಂಕಿ ಬಿದ್ದಿದ್ದು, ಅದೂ ಈ ಮನೆಯೊಳಗೆ ಬರುತ್ತದೆ. ಮಗಳು ಎಲ್ಲಿದ್ದಾಳೋ ಅನ್ನುವ ಭಯವಾಗಿ ಬರುತ್ತದೆ.

ನಿಧಾನ ಅನ್ನುವವರಿದ್ದಾರೆ. ನಿಜ, ನಿಧಾನವೇ. ನನಗೆ ದಿನಕ್ಕೆ ಸಿಗುವುದು ಇಪ್ಪತ್ತು ನಿಮಿಷ, ಅಧ್ಯಾಯಗಳಿರುವ ಈ ಪುಸ್ತಕ ಅದಕ್ಕೆ ಸರಿಯಾಗಿ ಹೊಂದಿತು. ಮೂರು ವಾರ ನೋರಾ ನಮ್ಮ ಮನೆಯಲ್ಲೇ ಇದ್ದಹಾಗಿತ್ತು.

‘ಲಾಂಗ್ ಐಲೆಂಡ್’ ಕೆಟ್ಟ ಪುಸ್ತಕ ಅಂತ ಖಂಡಿತ ಹೇಳುವುದಿಲ್ಲ. ಐಲಿಶ್, ಪಬ್ ನಡೆಸುವ ಜಿಮ್, ಚಿಪ್ಸ್ ಅಂಗಡಿಯ ನ್ಯಾನ್ಸಿ, ಮೂವರ ಕಡೆಯಿಂದಲೂ ಕಥೆ ನಡೆಯುತ್ತದೆ. ಮೂವರೂ ಒಂದೊಂದು ಗುಟ್ಟು ಮುಚ್ಚಿಟ್ಟುಕೊಂಡಿದ್ದಾರೆ. ನ್ಯಾನ್ಸಿಯ ಪಾಡು ನೋಡಿ ನನಗೆ ಐಲಿಶ್‌ಗಿಂತ ಜಾಸ್ತಿ ಸಂಕಟವಾಯಿತು. ಆದರೆ ಕೊನೆ ತಟ್ಟನೆ ನಿಲ್ಲುತ್ತದೆ. ಪುಟ ಬಿಟ್ಟುಹೋಗಿದೆಯೇನೋ ಅಂತ ತಿರುಗಿಸಿ ನೋಡಿದೆ. ಲೈಬ್ರರಿಯಲ್ಲಿ ಸಿಕ್ಕರೆ ತಂದು ಓದಿ, ಸಾಕು.

ಟೊಬೀನ್ ಬರೆದ, ಲೇಖಕ ಹೆನ್ರಿ ಜೇಮ್ಸ್ ಬಗೆಗಿನ ‘ದಿ ಮಾಸ್ಟರ್’, ಜರ್ಮನ್ ಲೇಖಕ ಥಾಮಸ್ ಮಾನ್ ಬಗೆಗಿನ ‘ದಿ ಮ್ಯಾಜಿಶಿಯನ್’ ಇವೆಲ್ಲ ಆಮೇಲೆ. ಎನ್ನಿಸ್ಕೋರ್ತಿ ಹಿಡಿಸಿದರೆ ತಾನಾಗೇ ಅಲ್ಲಿಗೆ ಹೋಗುತ್ತೀರಿ.

ಹೋದ ವಾರ ಅಕ್ಕನ ಮಗಳು ಏನಾದರೂ ಓದಲು ಕೊಡು ಚಿಕ್ಕಮ್ಮ ಅಂತ ಕೇಳಿದಳು. ‘ಬ್ರೂಕ್ಲಿನ್’ ಕೊಟ್ಟಿದ್ದೇನೆ. ‘ನೋರಾ’ ಮೇಜಿನ ಮೇಲೆ ತೆಗೆದಿಟ್ಟಿದ್ದೇನೆ. ‘ಲಾಂಗ್ ಐಲೆಂಡ್’ ಅನ್ನು ಅಕ್ಕ ಬೀರುವಿನಲ್ಲಿ ಸೀರೆಗಳ ಕೆಳಗೆ ಇಟ್ಟಿದ್ದಾಳೆ.